ಹಸಿರು ಬಳಿದ ಲೇತ್

ಹದಿಮೂರು ವರ್ಷಗಳಿಂದ ಲೇತಕ್ಕ ಪರರ ಯಂತ್ರದ ಮುಂದೆಯೇ ನಿಂತಿದ್ದಳು. ಕಬ್ಬಿಣದ ಸರಳನ್ನು ತಿರುಗಿಸುತ್ತ ಕಡೆಯುವ ಆ ಲೇತ್‌ನ ಹಿಡಿಕೆ ಅವಳ ಅಂಗೈಗೆ ತಕ್ಕಂತೆ ಸವೆದಿತ್ತು. ಯಂತ್ರ ಮಾತ್ರ ಅವಳದಾಗಿರಲಿಲ್ಲ. ತನ್ನದೂ ಒಂದಿದ್ದರೆ ಎಂದು ಮನೆಯ ಮುಂಗೋಣೆಯ ನೆಲದಲ್ಲಿ ಅದರ ಅಳತೆಗೆ ಸೀಮೆಸುಣ್ಣದ ಗೆರೆ ಎಳೆದಿದ್ದಳು. ಮನೆಯವರೆಲ್ಲ ಆ ಗೆರೆಯನ್ನು ಸುತ್ತಿಕೊಂಡೇ ಓಡಾಡುತ್ತಿದ್ದರು.

ಮುಚ್ಚುತ್ತಿದ್ದ ವರ್ಕ್‌ಶಾಪೊಂದರಲ್ಲಿ ಹಳೆಯ ಲೇತ್‌ಗಳು ಮಾರಾಟಕ್ಕಿವೆ ಎಂಬ ಸುದ್ದಿ ಬಂತು.

"ಹಳೇದು ತರೋದು ಅಂದ್ರೆ ಇನ್ನೊಬ್ರ ತಲೆನೋವನ್ನ ದುಡ್ಡು ಕೊಟ್ಟು ತರೋದು," ಎಂದ ಗಂಡ.

"ಹೌದು, ಪುಕ್ಕಟೆ ತಂದ ತಲೆನೋವು ಮನೇಲೇ ಇದೆಯಲ್ಲ," ಎಂದಳು.

ಗೊಣಗುತ್ತಲೇ ಅವನೂ ಹೊರಟ. ಯಂತ್ರ ರಿಪೇರಿಯಲ್ಲೇ ತಲೆ ನರೆತ ಫಿಟ್ಟರ್ ಮಾವನನ್ನು ಜೊತೆಗೆ ಕರೆದುಕೊಂಡರು.

ವರ್ಕ್‌ಶಾಪಿನಲ್ಲಿ ಹೊಸದಾಗಿ ಹಸಿರು ಬಳಿದ ಲೇತೊಂದು ಮಿನುಗುತ್ತಿತ್ತು. ಮಾರುವವನು ಗುಂಡಿ ಒತ್ತಿದ. ಯಂತ್ರದ ಆರೋಗ್ಯವನ್ನು ಸದ್ದಿನಿಂದಲೇ ಅಳೆಯುವ ರೂಢಿಯವಳು ಲೇತಕ್ಕ. ಕಣ್ಣು ಮುಚ್ಚಿ ಕಿವಿಗೊಟ್ಟಳು.

"ಸದ್ದೇ ಇಲ್ಲ ಮಾವ. ಇದೇ ನಂದು."

ಮಾವ ಯಂತ್ರ ನಿಲ್ಲಿಸಿ, ಫ್ಯೂಸ್ ಕಿತ್ತು ಜೇಬಿಗಿಟ್ಟುಕೊಂಡು, ಗೇರ್ ಪೆಟ್ಟಿಗೆಯ ಮುಚ್ಚಳ ತೆಗೆದ. ಎಣ್ಣೆ ಇರಬೇಕಾದಲ್ಲಿ ಗಟ್ಟಿ ಗ್ರೀಸ್ ತುಂಬಿತ್ತು. ಒರೆಸಿದಾಗ ಗೇರ್ ಚಕ್ರಗಳ ಮುರಿದ ಹಲ್ಲುಗಳು ಕಂಡವು.

"ಕೆಮ್ಮೋನ ಬಾಯಿಗೆ ಬೆಣ್ಣೆ ತುರುಕಿದಾರೆ ಕಣಮ್ಮ. ಸದ್ದು ನಿಂತಿದೆ, ರೋಗ ನಿಂತಿಲ್ಲ."

ಹಸಿರು ಬಣ್ಣದ ಮೇಲಿಂದ ಕೈ ತೆಗೆಯಲು ಲೇತಕ್ಕನಿಗೆ ತುಸು ಹೊತ್ತೇ ಹಿಡಿಯಿತು.

ಮೂಲೆಯಲ್ಲಿದ್ದ ಬಣ್ಣಗೆಟ್ಟ ಲೇತ್ ಓಡಿಸಿದರೆ ಗೊರಗೊರ ಎನ್ನುತ್ತಿತ್ತು. ಮಾವ ಅದನ್ನೂ ಹಾಗೆಯೇ ನಿಲ್ಲಿಸಿ, ಫ್ಯೂಸ್ ಕಿತ್ತು ಇಣುಕಿದ. ಹಲ್ಲುಗಳು ಸರಿಯಿದ್ದವು. ಮುಚ್ಚಳ ಹಾಕಿ, ಫ್ಯೂಸ್ ಮತ್ತೆ ಸಿಕ್ಕಿಸಿ, "ಕಿವಿಯಿಂದ ಕೇಳಿದ್ದು ಸಾಕು. ಒಂದು ಸರಳು ಕಡೆದು ಎರಡೂ ತುದಿಯ ದಪ್ಪ ಅಳೆ," ಎಂದ. ಅಳೆದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಆ ಗೊರಗೊರ ಯಂತ್ರವೇ ಮನೆಗೆ ಬಂತು. ಬುನಾದಿಯ ಕಾಂಕ್ರೀಟ್ ಗಟ್ಟಿಯಾಗಬೇಕಿತ್ತು, ಅರ್ಥಿಂಗ್ ಆಗಬೇಕಿತ್ತು, ತಿರುಗುವ ಭಾಗಗಳಿಗೆ ಮುಚ್ಚಳ ಕೂರಬೇಕಿತ್ತು. ಅಲ್ಲಿಯವರೆಗೆ ಓಡಿಸಕೂಡದೆಂದು ಮಾವ ಹೇಳಿದ್ದ. ಲೇತಕ್ಕ ಪ್ರತಿ ಸಂಜೆ ಅದರ ಹಿಡಿಕೆಯನ್ನು ಬರಿದೆ ತಿರುಗಿಸುತ್ತ ನಿಲ್ಲುತ್ತಿದ್ದಳು. ಐದನೆಯ ಸಂಜೆ ಅವಳ ಕೈ ಸ್ವಿಚ್ಚಿನತ್ತ ಹೋಯಿತು.

"ಒಂದೇ ನಿಮಿಷ ಓಡಿಸ್ಲಾ?"

ಗಂಡ ಅಡ್ಡ ಬಂದು ನಿಂತ. "ಹಳೇ ಲೇತ್ ಎಲ್ಲಾದ್ರೂ ಸಿಗುತ್ತೆ. ಹಳೇ ಬೆರಳು ಎಲ್ಲೂ ಸಿಗಲ್ಲ. ಬಾ ಈಚೆ."

ಅವಳು ಕೈ ಹಿಂದೆಗೆದಳು.

ನಿಮಗೂ ಇಂಥದೇ ಆಸೆಯಿರಬಹುದು. ಹಳೆಯ ಯಂತ್ರವೆಂದು ಹಿಂಜರಿಯಬೇಡಿ, ಮಿನುಗುತ್ತದೆಂದು ನಂಬಲೂ ಬೇಡಿ. ತಿಳಿದವರೊಂದಿಗೆ ಹೋಗಿ, ವಿದ್ಯುತ್ ಕಡಿತಗೊಳಿಸಿ ಒಳಗೆ ನೋಡಿಸಿ, ನಿಮ್ಮ ಕೈಯಿಂದಲೇ ಒಂದು ಕೆಲಸ ಮಾಡಿ ಅಳೆಯಿರಿ. ಬುನಾದಿ, ಅರ್ಥಿಂಗ್, ತಿರುಗುವ ಭಾಗಗಳ ಮುಚ್ಚಳ, ಈ ಮೂರೂ ಸರಿಯಾದ ಮೇಲೆಯೇ ಓಡಿಸಿ. ಇಷ್ಟು ವರ್ಷ ಹಂಬಲಿಸಿದವರಿಗೆ ಇನ್ನು ಕೆಲವು ದಿನ ಕಾಯುವುದು ಗೊತ್ತಿರುತ್ತದೆ.