ಧ್ವಜಕಂಬಕ್ಕೆ ಎರಡು ಸುತ್ತು

ಕಮಲಾಪುರದ ಶಾಲೆಯ ಮುಖ್ಯ ಗುರು ಗುರುಪ್ರಸಾದರ ಕರಾರು ಸರಳವಾಗಿತ್ತು. ದಸರಾ ರಜೆಯಲ್ಲಿ ಹುಡುಗಿಯರಿಗೆ ಮಲಗಲು ಎರಡು ಕೋಣೆ ಕೊಡುತ್ತೇನೆ. ಕಲಬುರಗಿಯಿಂದ ಎಲ್ಲರೂ ಸೈಕಲ್ ತುಳಿದೇ ಬರಬೇಕು. ಜೊತೆಗೊಬ್ಬ ಹಿರಿಯ ಹೆಂಗಸಿರಬೇಕು, ಅವಳೂ ತುಳಿಯಬೇಕು. ಹೊತ್ತು ಮುಳುಗುವುದರೊಳಗೆ ಬಂದರೆ ಇನ್ನು ಪ್ರತಿ ರಜೆಗೂ ಬಾಗಿಲು ತೆರೆದಿರುತ್ತದೆ. ಒಬ್ಬಳು ಗಾಡಿ ಹತ್ತಿದರೂ ಈ ಮಾತು ಮತ್ತೆ ಎತ್ತುವಂತಿಲ್ಲ.

ಈ ಹುಚ್ಚು ಹಚ್ಚಿದವಳು ಕಲಬುರಗಿಯ ಗಾಜಿಪುರ ಓಣಿಯ ನನ್ನ ಅಣ್ಣನ ಮಗಳು ಗೌತಮಿ. ನೂರು ವರ್ಷದಾಚೆ ಜರ್ಮನಿಯ ಒಬ್ಬ ಮೇಷ್ಟ್ರು ಮಕ್ಕಳನ್ನು ಊರೂರು ನಡೆಸಿಕೊಂಡು ಹೋಗುತ್ತಿದ್ದನಂತೆ. ಒಮ್ಮೆ ಮಳೆಗೆ ಸಿಕ್ಕಿ ಶಾಲೆಯೊಂದರಲ್ಲಿ ಹುಲ್ಲು ಹಾಸಿ ಮಲಗಿದಾಗ, ರಜೆಯಲ್ಲಿ ಖಾಲಿ ಬೀಳುವ ಶಾಲೆಗಳನ್ನೇ ತಂಗಲು ಕೊಡಬಹುದಲ್ಲ ಎಂದು ಅವನಿಗೆ ಹೊಳೆಯಿತಂತೆ. ಊರು ಸುತ್ತುವ ಹುಡುಗ ಹುಡುಗಿಯರು ತಂಗುವ ಯೂತ್ ಹಾಸ್ಟೆಲ್‌ಗಳು ಹುಟ್ಟಿದ್ದು ಹಾಗೆ.

"ಅತ್ತಿ, ನಮ್ಮ ಸಾಲಿಗೋಳೂ ರಜಾದಾಗ ಖಾಲಿನ ಇರ್ತಾವಲ್ಲ!" ಎಂದಳು ಗೌತಮಿ.

ಗೌತಮಿ ಸೇರಿ ಆರು ಹುಡುಗಿಯರು ಸಿದ್ಧರಾದರು. ಅವರ ತಾಯಂದಿರಲ್ಲಿ ಯಾರಿಗೂ ಸೈಕಲ್ ಬರುತ್ತಿರಲಿಲ್ಲ. ಕಲಬುರಗಿಯ ಕಾಲೇಜು ಹಾಸ್ಟೆಲೊಂದರ ಅಡುಗೆಯವಳಾದ ನನಗೂ ಬರುತ್ತಿರಲಿಲ್ಲ, ವಯಸ್ಸು ಐವತ್ತೆರಡು. ಆದರೂ ಜೊತೆಗೆ ಹೋಗಲು ನಾನೇ ಒಪ್ಪಿದೆ. ಹನ್ನೆರಡು ದಿನದಲ್ಲಿ ಹತ್ತುವುದು, ತುಳಿಯುವುದು, ತಿರುಗಿಸುವುದು ಕಲಿತೆ. ಇಳಿಯುವುದು ಬರಲಿಲ್ಲ. ನಿಲ್ಲಬೇಕಾದಾಗಲೆಲ್ಲ ನಾನು "ಹಿಡೀರೇ!" ಎಂದು ಕೂಗಬೇಕು, ಗೌತಮಿ ಓಡಿ ಬಂದು ಹ್ಯಾಂಡಲ್ ಹಿಡಿಯಬೇಕು.

ಬೆಳಿಗ್ಗೆ ಹುಮನಾಬಾದ ರಸ್ತೆಗೆ ಬಿದ್ದೆವು. ಲಾರಿಯವರಿಗೆ ಕಾಣಲೆಂದು ಹಳೆಯ ಕೇಸರಿ ಸೀರೆ ಹರಿದು ಏಳೂ ಸೈಕಲ್ಲಿಗೆ ಕಟ್ಟಿದ್ದೆ. ತಪ್ಪಾಗಿದ್ದು ಅಲ್ಲೇ. ಹಳ್ಳಿಯವರು ನಮ್ಮನ್ನು ಯಾತ್ರೆಗೆ ಹೊರಟವರು ಎಂದುಕೊಂಡರು. ಯಾತ್ರೆಯವರನ್ನು ಉಣ್ಣಿಸದೆ ಬಿಟ್ಟಾರೆಯೇ? ಒಂದೂರಲ್ಲಿ ಹುಗ್ಗಿ, ಇನ್ನೊಂದೂರಲ್ಲಿ ರೊಟ್ಟಿ, ಪುಂಡಿಪಲ್ಯ. ಮೂರನೇ ಊರಲ್ಲಿ ಊಟಕ್ಕೆ ಕೂರಿಸಿದ ಮುದುಕನಿಗೆ ಅನುಮಾನ ಬಂತು.

"ಶರಣಬಸಪ್ಪನ ಗುಡಿ ಹಿಂದ ಕಲಬುರಗ್ಯಾಗ ಉಳೀತಲ್ಲವ್ವ, ಈ ಕಡಿ ಯಾಕ ಹೊಂಟೀರಿ?"

"ದೇವ್ರಿಗಲ್ರಿ ಕಾಕಾ, ಕಮಲಾಪುರದ ಸಾಲ್ಯಾಗ ಮಲಗಾಕ ಹೊಂಟೀವಿ" ಎಂದಳು ಗೌತಮಿ.

"ಮಲಗಾಕ? ನಿಮ್ಮ ಮನ್ಯಾಗ ಜಾಗಾ ಇಲ್ಲೇನು?"

ಏಳೂ ಸೈಕಲ್ಲಿನ ಕೇಸರಿ ಪಟ್ಟಿ ಬಿಚ್ಚಿ ಚೀಲಕ್ಕೆ ತುರುಕಿದೆ. ಆಗಲೇ ಮೂರೂವರೆ ಆಗಿತ್ತು.

ಕಮಲಾಪುರದ ಹತ್ತಿರದ ಏರಿನಲ್ಲಿ ನನ್ನ ಕಾಲು ಸೋತವು. ಆ ಊರಲ್ಲಿ ಟಂಟಂ ಆಟೋ ಓಡಿಸುವ, ನಮ್ಮ ಕರಾರಿನ ಸುದ್ದಿ ಕೇಳಿದ್ದ ಮೈಬೂಬ ಪಕ್ಕದಲ್ಲೇ ನಿಧಾನವಾಗಿ ಬಂದ.

"ಹತ್ರಿ ಖಾಲಾ. ಊರ ಹೊರಗ ಇಳಸ್ತೀನಿ, ಯಾರಿಗಿ ತಿಳೀತದ?"

ಹುಡುಗಿಯರು ನನ್ನ ಮುಖ ನೋಡಿದರು. ಬಿಸಿಲು ಆಗಲೇ ಹಳದಿಯಾಗಿತ್ತು.

"ನಾ ಹತ್ತಿದ್ರ ಈ ಪೋರಿಗಳಿಗಿ ಸಾಲಿ ಸಿಗಂಗಿಲ್ಲಪ್ಪ. ನೀ ಹಿಂದ ಬಾ. ದೀಪಾ ಹಚ್ಚು, ಲಾರಿಯವ್ರು ನಮಗ ಬಡೀಬಾರ್ದು."

ಅವನು ದೀಪ ಹಚ್ಚಿ, ಮದುವೆ ಮೆರವಣಿಗೆಯ ಹಾಗೆ ಹಾರ್ನ್ ಹೊಡೆಯುತ್ತ ಹಿಂದೆ ಬಂದ. ನಾನು ಹಲ್ಲು ಕಚ್ಚಿ ತುಳಿದೆ.

ಶಾಲೆಯ ಗೇಟಿನಲ್ಲಿ ಗುರುಪ್ರಸಾದರು ನಿಂತಿದ್ದರು. ಸೂರ್ಯ ಬಾಳೆತೋಟದ ಮೇಲೆ ಒಂದು ಮೊಳ ಉಳಿದಿದ್ದ. ಅವರ ಕಣ್ಣು ಟಂಟಂ ಮೇಲೆ ಬಿತ್ತು.

"ಗಾಡ್ಯಾಗ ಬಂದು, ಇಲ್ಲಿ ಮೂಲ್ಯಾಗ ಸೈಕಲ್ ಹತ್ತೀರೇನು ರಮಾಬಾಯಿ?"

ನಿಲ್ಲಲು ಯಾರಾದರೂ ಹ್ಯಾಂಡಲ್ ಹಿಡಿಯಬೇಕಿತ್ತು. ಗೌತಮಿ ಇನ್ನೂ ಹಿಂದಿದ್ದಳು. ನಾನು ಗೇಟು ದಾಟಿ ಧ್ವಜಕಂಬಕ್ಕೆ ಒಂದು ಸುತ್ತು ಹಾಕಿದೆ, ಎರಡನೆಯದೂ ಹಾಕಿದೆ.

"ಇಳೀರಿ!"

"ಇಳಿಯಾಕ ಬರಂಗಿಲ್ರಿ ಸರ್! ಹಿಡೀರಿ!"

ಗುರುಪ್ರಸಾದರು ಓಡಿ ಬಂದು ಹ್ಯಾಂಡಲ್ ಹಿಡಿದರು.

"ನೋಡ್ರಿ ಸಾರ್," ಎಂದ ಮೈಬೂಬ, "ಸೈಕಲ್ ಇಳಿಯಾಕ ಬರದಾಕಿ ನನ್ನ ಗಾಡಿ ಹ್ಯಾಂಗ ಹತ್ತತಾಳ?"

ಹಾರ್ನ್ ಕೇಳಿ ಗೇಟಿಗೆ ಬಂದಿದ್ದ ಓಣಿಗೆ ಓಣಿಯೇ ನಕ್ಕಿತು. ಗುರುಪ್ರಸಾದರೂ ನಗುತ್ತ ಕೋಣೆಗಳ ಚಾವಿ ಗೌತಮಿಯ ಕೈಗಿಟ್ಟರು.

ಮರುವರ್ಷ ಬೀದರಿನಿಂದ ಹನ್ನೊಂದು ಹುಡುಗಿಯರು ಸೈಕಲ್ ತುಳಿದು ಬಂದರು. ಅವರ ಜೊತೆಗಿದ್ದ ಹೆಂಗಸು ಧ್ವಜಕಂಬದ ಬಳಿ ತಾನೇ ಬ್ರೇಕ್ ಹಿಡಿದು ಇಳಿದಳು. ಹ್ಯಾಂಡಲ್ ಹಿಡಿಯಲೆಂದು ಗುರುಪ್ರಸಾದರು ಆಗಲೇ ಅರ್ಧ ದಾರಿ ಓಡಿದ್ದರು.