ಎರಡು ಪಾಯಿಂಟ್ ಒಂಬತ್ತು

ಗುರುವಾರ ಹನ್ನೊಂದೂವರೆಗೆ ಭವ್ಯಶ್ರೀ ಆ ಸೀಸೆಯ ರಿಸಲ್ಟನ್ನು ಮೂರನೇ ಸಲ ನೋಡಿದಳು. ಎರಡು ಪಾಯಿಂಟ್ ಒಂಬತ್ತು. ಫೋನಿನಲ್ಲಿ, ಅವಳ ಗುಂಪಿನವರೆಲ್ಲ ಬರೆದದ್ದು ಮೂರು ಪಾಯಿಂಟ್ ಎಂಟು.

ಸೀಸೆ ಸರ್ಕಾರದ್ದು. ಊರಿನ ಲ್ಯಾಬುಗಳು ರಕ್ತವನ್ನು ಸರಿಯಾಗಿ ಪರೀಕ್ಷಿಸುತ್ತಿವೆಯೇ ಎಂದು ನೋಡಲು ಸರ್ಕಾರ ತನ್ನ ಖರ್ಚಿನಲ್ಲಿ ಮೂರು ತಿಂಗಳಿಗೊಮ್ಮೆ ಒಂದು ಗುಟ್ಟಿನ ಸೀಸೆ ಕಳಿಸುತ್ತಿತ್ತು. ಸರಿಯುತ್ತರ ಸೀಸೆ ಕಳಿಸಿದವರಿಗೆ ಮಾತ್ರ ಗೊತ್ತು. ಲ್ಯಾಬಿನವರು ಅದನ್ನು ರೋಗಿಯ ರಕ್ತದಂತೆಯೇ ಒಮ್ಮೆ ಓಡಿಸಿ, ಯಂತ್ರ ಹೇಳಿದ್ದನ್ನು ಹೇಳಿದ ಹಾಗೆ ಕಂಪ್ಯೂಟರಿನಲ್ಲಿ ತುಂಬಬೇಕು. ಈ ಸಲದ ಗಡುವು ಇವತ್ತು ಮಧ್ಯಾಹ್ನ ಒಂದು ಗಂಟೆ. ನಿಯಮ ಇಷ್ಟೇ. ಆದರೆ ನಿಯಮಕ್ಕೆ ಸೋತರೆ ನಮ್ಮವರು ನಮ್ಮವರು ಹೇಗಾದಾರು? ಗಲ್ಫಿನ ರೂವಿ, ಖುರುಮ್ ಕಡೆ ಕೆಲಸ ಮಾಡುವ ಮಂಗಳೂರು ಸೀಮೆಯ ಟೆಕ್ನಿಷಿಯನ್ನರಿಗೆ ಒಂದು ವಾಟ್ಸಾಪ್ ಗುಂಪಿತ್ತು. ಸೀಸೆ ಬಂದಾಗ ಮೊದಲು ದೊಡ್ಡ ಲ್ಯಾಬಿನ ಕುಂಞಾಲಿ ತನ್ನ ಸಂಖ್ಯೆ ಹಾಕುತ್ತಿದ್ದ. ಅವನಲ್ಲಿ ದೊಡ್ಡ ಯಂತ್ರವಿತ್ತು, ಹಾಗಾಗಿ ದೊಡ್ಡ ಮಾತೂ ಅವನದೇ. ಉಳಿದವರು ಒಂದು ಹೆಬ್ಬೆರಳು ಒತ್ತಿ ಅದನ್ನೇ ತುಂಬುತ್ತಿದ್ದರು. ಆನೆ ನಡೆದದ್ದೇ ದಾರಿ. ಇದನ್ನು ಕಾಪಿ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಊರವರಿಗೆ ಊರವರು ಆಗುವುದು ಎನ್ನಬೇಕು. ಮೂರು ವರ್ಷದಿಂದ ಎಲ್ಲರಿಗೂ ನೂರಕ್ಕೆ ನೂರು.

ಆ ನೂರಕ್ಕೆ ನೂರೇ ಈಗ ಈ ಸೀಸೆ ಯೋಜನೆಯ ಕುತ್ತಿಗೆಗೆ ಬಂದಿತ್ತು. ಯೋಜನೆಯ ಕಚೇರಿಯಲ್ಲಿ ಕೂರುವ ಕ್ಯಾರೆನ್, ಬಜ್ಪೆಯ ಹುಡುಗಿ, ಹೋದ ವಾರ ಫೋನಿನಲ್ಲಿ ಬೇಸರಪಟ್ಟಿದ್ದಳು. "ಭಾನುವಾರ ಮೀಟಿಂಗ್ ಉಂಟು ಮಾರಾಯ್ತಿ. ಎಲ್ಲಾ ಲ್ಯಾಬೂ ಸರಿ ಇದ್ರೆ ಇದಕ್ಕೆ ಫಂಡ್ ಯಾಕೆ ಅಂತ ಮೇಲಿನವ್ರು ಕೇಳ್ತಾರೆ. ಇದೇ ಕೊನೇ ಸೀಸೆ ಆದ್ರೂ ಆಯ್ತು." ಭವ್ಯಶ್ರೀಗೆ ಆಗ ಒಳಗೊಳಗೇ ಖುಷಿಯಾಗಿತ್ತು. ಪರೀಕ್ಷೆ ರದ್ದಾದರೆ ಯಾವ ಮಕ್ಕಳು ಅಳುತ್ತಾರೆ?

"ಎಂತ ಯೋಚನೆ ಮಾಡ್ತೀರಿ? ಮೂರು ಎಂಟು ತುಂಬಿಸಿ, ಯಲ್ಲಾ, ಬೇಗ ಊಟಕ್ಕೆ ಹೋಗುವ," ಎಂದ ಲತೇಶ್. ರೂವಿಯ ಆ ಖಾಸಗಿ ಕ್ಲಿನಿಕ್ಕಿನ ಲ್ಯಾಬಿಗೆ ಅವನೇ ಇನ್‌ಚಾರ್ಜ್. ಕಾಪುವಿನವನು, ಭವ್ಯಶ್ರೀಗಿಂತ ನಾಲ್ಕು ವರ್ಷ ಚಿಕ್ಕವನು, ಹಾಗಾಗಿ ಗದರುವಾಗಲೂ ಬಹುವಚನ ಬಿಡುತ್ತಿರಲಿಲ್ಲ.

"ನಮ್ಮದು ಎರಡು ಒಂಬತ್ತು ಬರ್ತಾ ಉಂಟು ಲತೇಶ್. ಮೂರು ಸಲ ನೋಡಿದೆ."

"ಸೀಸೆಯ ಪುಡಿ ಕರಗಿಸುವಾಗ ನೀರು ಹೆಚ್ಚು ಕಡಿಮೆ ಆಗಿರ್ಬೇಕು. ಬಿಡಿ."

ನೀರು ಅವಳು ಅಳೆದೇ ಹಾಕಿದ್ದಳು. ಆದರೂ ಬೇರೆ ದಿನವಾಗಿದ್ದರೆ ಬಿಟ್ಟೇಬಿಡುತ್ತಿದ್ದಳು. ಇವತ್ತು ಬಿಡಲಾಗದ್ದಕ್ಕೆ ಕಾರಣ ಉಮರಬ್ಬನವರ ಕೈ.

ಉಮರಬ್ಬ, ಭವ್ಯಶ್ರೀಯ ಬಾಯಲ್ಲಿ ಉಮರಾಕ, ದೇರಳಕಟ್ಟೆಯ ಕಡೆಯವರು. ರೂವಿಯಲ್ಲಿ ಮೂವತ್ತು ವರ್ಷದಿಂದ ಬಟ್ಟೆ ಅಂಗಡಿ. ಒಂಬತ್ತು ವರ್ಷದ ಹಿಂದೆ ಅವರ ಎದೆಯೊಳಗೆ ಲೋಹದ ಕವಾಟ ಕೂರಿಸಿದ್ದರು. ಅಂದಿನಿಂದ ರಕ್ತ ತೆಳು ಮಾಡುವ ಮಾತ್ರೆ, ಎರಡು ವಾರಕ್ಕೊಮ್ಮೆ ಭವ್ಯಶ್ರೀಯ ಸೂಜಿ. ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಮಾಡುತ್ತದೆ ಎನ್ನುವುದಕ್ಕೆ ಒಂದು ಸಂಖ್ಯೆ ಉಂಟು. ಅವರಿಗೆ ಅದು ಎರಡೂವರೆಯಿಂದ ಮೂರೂವರೆಯ ನಡುವೆ ಇರಬೇಕು. ಕಡಿಮೆಯಾದರೆ ಕವಾಟದಲ್ಲಿ ರಕ್ತ ಗಡ್ಡೆ ಕಟ್ಟುತ್ತದೆ, ಹೆಚ್ಚಾದರೆ ಎಲ್ಲಿ ಬೇಕಾದರಲ್ಲಿ ಸೋರುತ್ತದೆ. ಸರ್ಕಾರದ ಸೀಸೆ ಕೇಳುತ್ತಿದ್ದದ್ದೂ ಅದೇ ಸಂಖ್ಯೆಯನ್ನು.

ಬೆಳಿಗ್ಗೆ ಒಂಬತ್ತಕ್ಕೆ ಬಂದವರು ತೋಳು ಮಡಿಸುತ್ತಲೇ, "ಭವ್ಯಾ, ಇವತ್ತು ಈ ದವಡೆ ಹಲ್ಲು ಖಲಾಸ್! ಕೋರಿ ರೊಟ್ಟಿ ತಿನ್ನದೆ ಎರಡು ವಾರ ಆಯ್ತು. ಮನೆಯಲ್ಲಿ ಐಶಮ್ಮ ನನ್ನ ಎದುರಲ್ಲೇ ಕೂತು ಕರುಂ ಕುರುಂ ತಿಂತಾಳೆ, ಅವಳಿಗೆ ಕರುಣೆ ಉಂಟಾ ಹೇಳು," ಎಂದಿದ್ದರು. ಮೊಣಕೈ ಹತ್ತಿರ ಅಂಗೈಯಗಲದ ನೀಲಿ ಕಲೆ. ಗೋದಾಮಿನಲ್ಲಿ ಪೆಟ್ಟಿಗೆ ತಾಗಿದ್ದು ಎಂದರು. ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ ಹಿಡಿದರೂ ರಕ್ತ ನಿಲ್ಲಲು ತಡವಾಯಿತು. ರಿಪೋರ್ಟ್ ಮೂರು ಪಾಯಿಂಟ್ ಎರಡು ಬಂತು. ನಾಲ್ಕು ದಾಟಿದರೆ ಹಲ್ಲಿನ ಡಾಕ್ಟರು ಕೈ ಹಾಕುವುದಿಲ್ಲ. ಮೂರು ಎರಡು ಎಂದರೆ ಧೈರ್ಯವಾಗಿ ಕೀಳಬಹುದು. ಭವ್ಯಶ್ರೀಯೇ ಸೈನ್ ಹಾಕಿ ಕೊಟ್ಟಿದ್ದಳು. ಕೆಳಗಿನ ಹಲ್ಲಿನ ಕೋಣೆಯಲ್ಲಿ ಹನ್ನೆರಡಕ್ಕೆ ಅವರ ಸರದಿ.

ನಮ್ಮ ಯಂತ್ರ ಸೀಸೆಗೆ ಕಡಿಮೆ ಹೇಳಿದರೆ ಉಮರಬ್ಬನವರಿಗೆ ಸರಿಯಾಗಿ ಹೇಳೀತೇ? ಎರಡು ವಾರದ ಹಿಂದೆ ಸಂಖ್ಯೆ ಕಡಿಮೆ ಬಂತೆಂದು ಅವರ ಮಾತ್ರೆ ಹೆಚ್ಚಿಸಿದ್ದು ನೆನಪಾಯಿತು. ಆ ಕಡಿಮೆ ಸಂಖ್ಯೆ ಹೇಳಿದ್ದೂ ಇದೇ ಯಂತ್ರ.

ಅವಳು ಫ್ರಿಜ್ ತೆರೆದು ರೀಏಜೆಂಟಿನ ಪೆಟ್ಟಿಗೆ ಹೊರಗೆ ತೆಗೆದಳು. ರಕ್ತಕ್ಕೆ ಬೆರೆಸುವ ಈ ದ್ರವದ ಪ್ರತಿ ತಯಾರಿಗೂ ಬೇರೆ ಬೇರೆ ಚುರುಕು. ಆ ಚುರುಕಿನ ಅಂಕಿ ಒಳಗಿನ ಕಾಗದದಲ್ಲಿರುತ್ತದೆ, ಹೊಸ ಪೆಟ್ಟಿಗೆ ತೆರೆದಾಗ ಅದನ್ನು ಯಂತ್ರಕ್ಕೆ ಕೈಯಾರೆ ಹೇಳಬೇಕು. ಈ ಪೆಟ್ಟಿಗೆಯಲ್ಲಿ ಕಾಗದ ಇರಲಿಲ್ಲ. ಇರುವುದಾದರೂ ಹೇಗೆ? ಇದು ಕಡ ತಂದ ಪೆಟ್ಟಿಗೆ. ಮೂರು ವಾರದ ಹಿಂದೆ ಮಾಲು ಬಂದರಿನಲ್ಲಿ ಸಿಕ್ಕಿಬಿದ್ದಾಗ ಖುರುಮಿನ ಲ್ಯಾಬಿನ ಕಿಶೋರ್ ತನ್ನ ದೊಡ್ಡ ಡಬ್ಬದಿಂದ ಎರಡು ಪೆಟ್ಟಿಗೆ ಕೊಟ್ಟಿದ್ದ. ಪಕ್ಕದ ಮನೆಯಿಂದ ಸಕ್ಕರೆ ತಂದ ಹಾಗೆ ಲ್ಯಾಬುಗಳ ನಡುವೆ ಇದು ನಡೆದೇ ಇತ್ತು. ಅಂಕಿ ಎಷ್ಟೆಂದು ಅವಳು ಅವತ್ತು ಕೇಳಿದ್ದಳು. "ಅದೇ ಹಳೇದು, ಚೇಂಜ್ ಎಂತದೂ ಇಲ್ಲ," ಎಂದಿದ್ದ. ಅವಳು ನಂಬಿದ್ದಳು.

ಹನ್ನೊಂದು ಐವತ್ತು. ಕಿಶೋರನಿಗೆ ಫೋನ್ ಮಾಡಿದಳು.

"ಕಿಶೋರಣ್ಣ, ನೀವು ಕೊಟ್ಟ ರೀಏಜೆಂಟಿನ ಡಬ್ಬ ಇನ್ನೂ ಉಂಟಾ? ಅದರ ಕಾಗದ ನೋಡಿ ಒಂಚೂರು."

"ಈಗಲಾ? ನಾನು ಫಾರ್ಮ್ ಕಳಿಸಿ ಆಯ್ತು ಭವ್ಯಾ. ಮೂರು ಎಂಟು. ನೀನೂ ಕಳಿಸು."

"ಕಾಗದ ನೋಡಿ ಅಣ್ಣ. ಈಗಲೇ."

ಆ ಕಡೆ ಫ್ರಿಜ್ಜಿನ ಬಾಗಿಲು, ರಟ್ಟು ಹರಿಯುವ ಸದ್ದು.

"ಅಣ್ಣ?"

"ಒಂದು ಪಾಯಿಂಟ್ ಮೂರು ಒಂದು," ಎಂದ ಕಿಶೋರ್ ಬಹಳ ಮೆಲ್ಲಗೆ.

ಯಂತ್ರದ ಪರದೆಯಲ್ಲಿ ಇದ್ದದ್ದು ಒಂದು ಪಾಯಿಂಟ್ ಸೊನ್ನೆ ಐದು. ಅವಳು ಫೋನ್ ಇಟ್ಟು ಅಂಕಿ ತಿದ್ದಿದಳು, ಬೆಳಗಿನ ಸ್ಟ್ಯಾಂಡಿನಿಂದ ಉಮರಬ್ಬನವರ ಟ್ಯೂಬ್ ಎತ್ತಿ ಮತ್ತೆ ಓಡಿಸಿದಳು. ಯಂತ್ರಕ್ಕೆ ಬೇಕಾದ್ದು ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಅವಳಿಗೆ ಕೆಳಗಿನ ಹಲ್ಲಿನ ಕೋಣೆಗೆ ಫೋನ್ ಹಚ್ಚುವ ಬುದ್ಧಿ ಬಂತು. ಹಚ್ಚಿದಳು, ಯಾರೂ ಎತ್ತಲಿಲ್ಲ. ಪರದೆ ನೋಡಿದಳು. ನಾಲ್ಕು ಪಾಯಿಂಟ್ ಮೂರು.

"ಲತೇಶ್, ಉಮರಾಕನ ರಿಪೋರ್ಟ್ ತಪ್ಪು!"

"ಮೆಲ್ಲ, ಮೆಲ್ಲ. ಬೊಬ್ಬೆ ಹಾಕ್ಬೇಡಿ, ಹೊರಗೆ ಪೇಷೆಂಟ್ಸ್ ಇದ್ದಾರೆ. ಮೊದಲು ಮ್ಯಾನೇಜರಿಗೆ..."

ಅವಳು ಆಗಲೇ ಬಾಗಿಲು ದಾಟಿದ್ದಳು. ಲಿಫ್ಟು ಐದನೇ ಮಹಡಿಯಲ್ಲಿ ಯಾರನ್ನೋ ಕಾಯುತ್ತಾ ನಿಂತಿತ್ತು. ಮೆಟ್ಟಿಲು ಇಳಿದಳು. ಮೂರು ಮಹಡಿ, ಕೈಯಲ್ಲಿ ಗ್ಲೌಸು ಹಾಗೇ. ದೇವರೇ, ಡಾಕ್ಟರು ಇವತ್ತೊಂದು ದಿನ ತಡ ಮಾಡಲಿ ಎಂದುಕೊಂಡಳು. ಬೇರೆ ದಿನ ಅವರು ತಡ ಮಾಡಿದರೆ ಬೈಯುತ್ತಿದ್ದವಳೂ ಅವಳೇ.

ಹಲ್ಲಿನ ಕೋಣೆಯ ಬಾಗಿಲು ಮುಚ್ಚಿತ್ತು. ಹೊರಗೆ ಕೂತಿದ್ದ ನರ್ಸ್ "ನೋ, ನೋ" ಎಂದು ಏಳುವುದರೊಳಗೆ ಅವಳು ಒಳಗೆ ನುಗ್ಗಿದಳು. ಉಮರಬ್ಬ ಕುರ್ಚಿಯಲ್ಲಿ ಮಲಗಿದ್ದರು, ಬಾಯಿ ಅಗಲ ತೆರೆದು. ಡಾಕ್ಟರ ಕೈಯಲ್ಲಿ ಮರಗಟ್ಟಿಸುವ ಇಂಜೆಕ್ಷನ್, ಸೂಜಿಯ ತುದಿ ತುಟಿ ದಾಟಿತ್ತು.

"ಡಾಕ್ಟರ್, ಸ್ಟಾಪ್!"

ಸೂಜಿ ಹೊರಗೆ ಬಂತು. ಇನ್ನೂ ಚುಚ್ಚಿರಲಿಲ್ಲ. ಭವ್ಯಶ್ರೀ ಏದುಸಿರು ಬಿಡುತ್ತಾ ನಾಲ್ಕು ಪಾಯಿಂಟ್ ಮೂರು ಎಂದಳು. ಡಾಕ್ಟರು ಸಿರಿಂಜನ್ನು ತಟ್ಟೆಯಲ್ಲಿಟ್ಟು, ಅವಳು ಸೈನ್ ಮಾಡಿದ ರಿಪೋರ್ಟನ್ನು ಎತ್ತಿ ನೋಡಿ, ಅವಳ ಮುಖ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಉಮರಬ್ಬ ಎದ್ದು ಕೂತರು. "ಎಂತ ಭವ್ಯಾ, ಐಶಮ್ಮ ಕಳಿಸಿದ್ದಾ ನಿನ್ನ? ಗಂಡನಿಗೆ ರೊಟ್ಟಿ ಕೊಡಬೇಡ ಅಂತ?"

"ಉಮರಾಕ, ನಾನು ಕೊಟ್ಟ ರಿಪೋರ್ಟ್ ತಪ್ಪು. ಮೂರು ವಾರದಿಂದ ತಪ್ಪು ಕೊಟ್ಟಿದ್ದೇನೆ. ಈಗ ಹಲ್ಲು ಕಿತ್ತಿದ್ರೆ ರಕ್ತ ನಿಲ್ಲಿಸುವುದು ಕಷ್ಟ ಇತ್ತು." ಹೇಳುವಾಗ ಅವಳಿಗೆ ಅಳು ಬಂತು, ತಡೆಯಲಿಲ್ಲ.

ಅವರ ನಗು ಹಾಗೇ ಆರಿತು. ತೋಳು ಮಡಿಸಿ ನೀಲಿ ಕಲೆಯನ್ನು ನೋಡಿಕೊಂಡರು. "ಹಾಗಾದ್ರೆ ಇದು ಪೆಟ್ಟಿಗೆ ತಾಗಿದ್ದಲ್ಲ," ಎಂದರು. ಮತ್ತೆ, "ನೀನು ಓಡಿಕೊಂಡು ಬಂದೆ. ಉಳಿದವರಿಗೆ ಯಾರು ಓಡ್ತಾರೆ?" ಎಂದು ಕೇಳಿದರು. ಹೃದಯದ ಡಾಕ್ಟರನ್ನು ಕಾಣದೆ ಮನೆಗೆ ಹೋಗುವುದಿಲ್ಲ, ಇವತ್ತಿನ ಮಾತ್ರೆ ಮುಟ್ಟುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಂಡು ಮೇಲೆ ಬಂದಳು.

ಹನ್ನೆರಡು ನಲವತ್ತು. ಕಂಪ್ಯೂಟರಿನಲ್ಲಿ ಸರ್ಕಾರದ ಫಾರ್ಮ್ ತೆರೆದೇ ಇತ್ತು. ಲತೇಶ್ ಅಷ್ಟರಲ್ಲಿ ಮೂರು ವಾರದ ರೋಗಿಗಳ ಪಟ್ಟಿ ಪ್ರಿಂಟ್ ತೆಗೆದಿದ್ದ. ಇಪ್ಪತ್ತಾರು ಹೆಸರು. ಮನುಷ್ಯ ಕೆಟ್ಟವನಲ್ಲ, ಹೆದರಿದ್ದ ಅಷ್ಟೆ.

"ಎಲ್ಲರಿಗೂ ಫೋನ್ ಮಾಡುವ. ನಾನು ಅರ್ಧ, ನೀವು ಅರ್ಧ," ಎಂದ. "ಆದ್ರೆ ಫಾರ್ಮಿಗೆ ಮೂರು ಎಂಟು ಹಾಕಿ. ಮೆಷಿನ್ ಈಗ ಸರಿ ಆಯ್ತಲ್ಲ? ಈಗ ಸೀಸೆ ಓಡಿಸಿದ್ರೆ ಮೂರು ಎಂಟೇ ಬರ್ತದೆ. ಸುಳ್ಳು ಎಲ್ಲಿ ಉಂಟು ಇದ್ರಲ್ಲಿ?"

"ಬೆಳಿಗ್ಗೆ ಓಡಿಸಿದಾಗ ಬಂದದ್ದು ಎರಡು ಒಂಬತ್ತು."

"ಫೇಲ್ ಆದ್ರೆ ನಮ್ಮಲ್ಲಿ ಈ ಟೆಸ್ಟ್ ನಿಲ್ಲಿಸ್ತಾರೆ. ವೀಸಾ ಕೊಟ್ಟ ಕಫೀಲ್ ಮೊದಲು ಯಾರನ್ನು ಕರೀತಾರೆ? ಪೆಟ್ಟಿಗೆ ತೆರೆದದ್ದು ನೀವು. ಮಗಳ ಸ್ಕೂಲು, ವೀಸಾ, ಎಲ್ಲ ನೆನಪು ಮಾಡಿಕೊಳ್ಳಿ ಭವ್ಯಕ್ಕ."

ನೆನಪು ಮಾಡಿಕೊಂಡಳು. ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಶಾಲೆಯಲ್ಲಿ ಏಳನೇ ಕ್ಲಾಸಿನ ಮಗಳು, ಕೆಲಸ ಹುಡುಕುತ್ತಿರುವ ಗಂಡ. ಬೆರಳು ಮೂರರ ಮೇಲೆ ಹೋಗಿ ನಿಂತಿತು. ಆಗ ಉಮರಬ್ಬನವರ ಮಾತು ಕಿವಿಯಲ್ಲಿ ಕೇಳಿತು. ಅವರಿಗಾಗಿ ಅವಳನ್ನು ಓಡಿಸಿದ್ದು ಈ ಸೀಸೆ. ಕುಂಞಾಲಿಯ ಸಂಖ್ಯೆ ತುಂಬಿ ಊಟಕ್ಕೆ ಹೋಗಿದ್ದರೆ ಇಷ್ಟು ಹೊತ್ತಿಗೆ ಹಲ್ಲು ತಟ್ಟೆಯಲ್ಲಿರುತ್ತಿತ್ತು. ಸರ್ಕಾರ ದುಡ್ಡು ಕೊಟ್ಟು ಕೇಳುತ್ತಿದ್ದದ್ದು ಸರಿಯುತ್ತರವನ್ನಲ್ಲ, ಅದು ಅವರಲ್ಲೇ ಇತ್ತು. ನಿಮ್ಮ ಯಂತ್ರ ಏನು ಹೇಳಿತು ಎಂದಷ್ಟೇ ಕೇಳಿದ್ದರು.

ಎರಡು ಪಾಯಿಂಟ್ ಒಂಬತ್ತು ಎಂದು ತುಂಬಿ ಕಳಿಸಿದಳು. ಲತೇಶ್ ಕುರ್ಚಿ ತಿರುಗಿಸಿಕೊಂಡು ಗೋಡೆ ನೋಡಿದ.

ಪಟ್ಟಿಯ ಮೊದಲ ಹೆಸರಿಗೆ ಫೋನ್ ಹಚ್ಚುವಷ್ಟರಲ್ಲಿ ಕಿಶೋರನದೇ ಬಂತು.

"ಭವ್ಯಾ, ಒಂದು ಮಾತು. ನಮ್ಮದೂ ಎರಡು ಒಂಬತ್ತೇ ಬಂದದ್ದು."

ಅವಳು ಪೆನ್ನು ಕೆಳಗಿಟ್ಟಳು.

"ಅಂಕಿ ನಾನೂ ಬದಲಿಸಿರಲಿಲ್ಲ. ಡಬ್ಬ ತೆರೆದು ಐದು ವಾರ ಆಯ್ತು. ಗುಂಪಲ್ಲಿ ಕುಂಞಾಲಿದು ನೋಡಿ ಮೂರು ಎಂಟು ಹಾಕಿದೆ." ಅವನ ಸ್ವರ ಒಡೆಯಿತು. "ಭವ್ಯಾ, ಮುನಿಯಮ್ಮ..."

ಮುನಿಯಮ್ಮ ಕಿಶೋರನ ಲ್ಯಾಬ್ ಗುಡಿಸಿ ಒರೆಸುತ್ತಿದ್ದ ಕೋಲಾರದ ಹೆಂಗಸು. ಹತ್ತು ದಿನದ ಹಿಂದೆ ಕೆಲಸದಲ್ಲೇ ಕುಸಿದು ತೀರಿಕೊಂಡಿದ್ದಳು. ಮಿದುಳಿನಲ್ಲಿ ರಕ್ತಸ್ರಾವ ಎಂದರು, ಬಿಪಿ ಇದ್ದಿರಬೇಕು ಎಂದರು, ಹಣೆಬರಹ ಎಂದರು. ಅವಳ ಫೋಟೋ ಗುಂಪಿನಲ್ಲಿ ಇನ್ನೂ ಇತ್ತು, ಕುಂಞಾಲಿಯ ಮೂರು ಪಾಯಿಂಟ್ ಎಂಟಕ್ಕಿಂತ ಸ್ವಲ್ಪ ಮೇಲೆ, ಅದರ ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ಒಂದು ಭವ್ಯಶ್ರೀಯದೂ.

"ಅವಳೂ ಆ ಮಾತ್ರೆ ತಗೊಳ್ತಿದ್ಳು," ಎಂದ ಕಿಶೋರ್. "ಪಾಪ ಅಂತ ನಾನೇ ಫ್ರೀಯಾಗಿ ರಕ್ತ ನೋಡ್ತಿದ್ದೆ. ಕಡಿಮೆ ಉಂಟು, ಮಾತ್ರೆ ಹೆಚ್ಚು ಮಾಡಿಸಿಕೋ ಅಂತ ನಾನೇ ಹೇಳಿದ್ದು."

ಭವ್ಯಶ್ರೀಗೆ ಸಮಾಧಾನದ ಮಾತು ಬಾಯಿಗೆ ಬಂತು, ನುಂಗಿಕೊಂಡಳು. ಸಮಾಧಾನಕ್ಕೆ ಅವನಿಗೂ ಹಕ್ಕಿರಲಿಲ್ಲ, ಅವಳಿಗೂ ಇರಲಿಲ್ಲ.

"ಅಣ್ಣ, ಪಟ್ಟಿ ತೆಗೀರಿ. ಐದು ವಾರದ್ದು. ಎಲ್ಲರಿಗೂ ಫೋನ್ ಮಾಡಿ," ಎಂದಳು. "ಮತ್ತೆ, ಫಾರ್ಮ್ ಒಂದು ಗಂಟೆವರೆಗೆ ತಿದ್ದಬಹುದು. ಇನ್ನು ಎಂಟು ನಿಮಿಷ ಉಂಟು."

ಅವನು ಫೋನ್ ಇಟ್ಟ.

ಅವಳು ಪಟ್ಟಿ ಹಿಡಿದು ಕೂತಳು. ಮೊದಲನೆಯವರು ಎತ್ತಿದರು, ಎರಡನೆಯವರು ಎತ್ತಿದರು, ಮೂರನೆಯವರ ಫೋನ್ ಸ್ವಿಚ್ ಆಫ್. ಆ ಹೆಸರಿಗೆ ಸುತ್ತು ಹಾಕಿದಳು. ಒಂದು ಗಂಟೆ ದಾಟಿ ಎರಡು ನಿಮಿಷಕ್ಕೆ ಕ್ಯಾರೆನ್ ಫೋನ್ ಮಾಡಿದಳು.

"ಭವ್ಯಶ್ರೀ, ನಿಮ್ಮದು ಎರಡು ಒಂಬತ್ತು ಅಂತ ಬಂದಿದೆ. ಟೈಪಿಂಗ್ ಮಿಸ್ಟೇಕಾ? ಆದ್ರೆ ಈಗಲೇ ಹೇಳಿ ಮಾರಾಯ್ತಿ, ಭಾನುವಾರ ನಾನು ಇದನ್ನೇ ಮೇಲಿನವರ ಎದುರು ಇಡಬೇಕು."

"ಮಿಸ್ಟೇಕ್ ಹೌದು, ಟೈಪಿಂಗ್‌ದಲ್ಲ. ಹಾಗೇ ಇಡಿ," ಎಂದಳು ಭವ್ಯಶ್ರೀ.

ಆ ಕಡೆ ಕೀಲಿಮಣೆಯ ಸದ್ದು ಕೇಳುತ್ತಿತ್ತು.

"ವಿಚಿತ್ರ," ಎಂದಳು ಕ್ಯಾರೆನ್. "ಮೂರು ವರ್ಷದಲ್ಲಿ ಒಬ್ಬರೂ ತಪ್ಪಿರಲಿಲ್ಲ. ಈಗ ಗಡುವು ಮುಗಿಯುವಾಗ ಖುರುಮಿನಿಂದ ಒಬ್ಬರು ಮೂರು ಎಂಟು ಅಳಿಸಿ ಎರಡು ಒಂಬತ್ತು ಹಾಕಿದ್ದಾರೆ. ಕೆಳಗೆ ಕಾರಣ ಬರೆಯುವ ಜಾಗದಲ್ಲಿ ಬರೀ ಒಂದು ಹೆಸರು ಉಂಟು. ಮುನಿಯಮ್ಮ ಅಂತ. ಯಾರು ಅದು, ನಿಮಗೆ ಗೊತ್ತಾ?"