ಅಭ್ರಕದ ಮೇಲೊಂದು ಹೆಬ್ಬೆಟ್ಟು

ತೀರ್ಥಹಳ್ಳಿಯ ಹೆರಿಗೆ ಆಸ್ಪತ್ರೆಯಿಂದ ಕಾಗದ ಬಂದ ದಿನ ನನಗೆ ಊಟ ಸೇರಲಿಲ್ಲ. ನಾವು ಮಾಡಿ ಕಳಿಸಿದ ಸ್ಟೆರಿಲೈಜರ್, ಅಂದರೆ ಸೂಜಿ ಕತ್ತರಿಗಳನ್ನು ಕುದಿಸುವ ಕರೆಂಟಿನ ಪಾತ್ರೆ, ಅಲ್ಲಿಯ ನರ್ಸ್ ಪುಷ್ಪಮ್ಮನಿಗೆ ಶಾಕ್ ಹೊಡೆದಿತ್ತು. ಈಗ ಆಕೆಗೆ ತೊಂದರೆಯೇನೂ ಇಲ್ಲ ಎಂದು ಎರಡನೆಯ ಸಾಲಿನಲ್ಲಿತ್ತು. ಆ ಸಾಲನ್ನು ನಾಲ್ಕು ಸಲ ಓದಿದೆ. ಆದರೂ ಮೊದಲನೆಯ ಸಾಲೇ ಕಣ್ಣೆದುರು ನಿಲ್ಲುತ್ತಿತ್ತು.

ಸಾಗರದಲ್ಲಿ ಮುಕುಂದಯ್ಯನವರ ಕಾರ್ಖಾನೆ ಎಂದರೆ ಹೆಂಚು ಹೊದೆಸಿದ ಉದ್ದನೆಯ ಒಂದೇ ಕೋಣೆ. ಶರಾವತಿಯ ಕರೆಂಟು ಬಂದ ಮೇಲೆ ಸುತ್ತಲಿನ ಅಕ್ಕಿ ಗಿರಣಿಗಳ ಸುಟ್ಟ ಮೋಟಾರುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಪಾತ್ರೆಗಳಿಗೆ ಕಾಯಿಲ್ ಸುತ್ತುವ ಕೆಲಸವೂ ನಡೆಯುತ್ತಿತ್ತು. ನಾನು ಶಿವಮೊಗ್ಗದಲ್ಲಿ ಬಿ.ಎಸ್‌ಸಿ. ಮುಗಿಸಿ ಅಲ್ಲಿ ಸೇರಿ ಎರಡು ವರ್ಷವಾಗಿತ್ತು. ಕಾಯಿಲಿನ ಬಿಸಿ ತಂತಿಗೂ ಹೊರಗಿನ ತಗಡಿಗೂ ನಡುವೆ ಇಡುವ ಅಭ್ರಕದ ಹಾಳೆ ಆರಿಸುವುದು ನನ್ನ ವಿಭಾಗ. ವಿಭಾಗ ಎಂದರೆ ಕಿಟಕಿಯ ಪಕ್ಕದ ಒಂದು ಮೇಜು ಮತ್ತು ನಾಲ್ವರು ಹೆಂಗಸರು. ಅವರು ಚೂಪಾದ ಚಾಕುವಿನಿಂದ ಹಾಳೆಗಳನ್ನು ಪದರ ಪದರವಾಗಿ ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವರು ಒಪ್ಪಿದ್ದನ್ನು ನಾನು ಇನ್ನೊಮ್ಮೆ ನೋಡಿ ಸಹಿ ಹಾಕುತ್ತಿದ್ದೆ.

ಊರಿನವರು ಅದನ್ನು ಕಾಗೆಬಂಗಾರ ಎನ್ನುತ್ತಿದ್ದರು. ನಮ್ಮಲ್ಲಿ ಎರಡು ಬಗೆ ಬರುತ್ತಿತ್ತು. ಗಾಜಿನಷ್ಟು ತಿಳಿಯಾದದ್ದು ಕರೆಂಟನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಅತಿಯಾಗಿ ಕಾದರೆ ಬಿಳುಚಿಕೊಂಡು ಉಬ್ಬುತ್ತದೆ. ಜೇನಿನ ಬಣ್ಣದ್ದು ನೋಡಲು ಅಷ್ಟು ಚಂದವಿಲ್ಲ, ಕೆಂಪಗೆ ಕಾಯುವ ತಂತಿಯ ಪಕ್ಕದಲ್ಲಿ ಮಾತ್ರ ಅದೇ ಬಾಳಿಕೆಯದು. ಎರಡರಲ್ಲೂ ಕಪ್ಪು ಚುಕ್ಕೆ ಇರಬಾರದು, ಬಿರುಕು ಇರಬಾರದು, ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿರಬಾರದು. ಇದನ್ನೆಲ್ಲ ನಾನು ಒಂದೊಂದು ಪದವನ್ನೂ ತೂಗಿ ರಟ್ಟಿನ ಮೇಲೆ ಬರೆದು ಗೋಡೆಗೆ ಹೊಡೆಸಿದ್ದೆ. ನಾಲ್ವರಲ್ಲಿ ಓದಲು ಬರುತ್ತಿದ್ದುದು ಒಬ್ಬಳಿಗೆ.

ಓದಲು ಬಾರದವರಲ್ಲಿ ಎಲ್ಲರಿಗಿಂತ ಚುರುಕಾದವಳು ಗುತ್ಯಮ್ಮ. ಕಾಯಿಲ್ ಸುತ್ತುವ ಶಂಭು ಅವಳನ್ನು ಕೆಣಕುತ್ತಿದ್ದ, ಈಕೆ ಕೈಗೆ ಸೂರ್ಯನ್ನ ಕೊಟ್ರೂ ಕಲೆ ಉಂಟು ಅಂತ ವಾಪಸ್ ಕಳಿಸ್ತಾಳೆ ಎಂದು. ಹಾಳೆಯಲ್ಲಿ ಒಂದು ಪದರ ಹೆಚ್ಚಿದ್ದರೆ ಬೆರಳಿಂದಲೇ ಹೇಳುತ್ತಿದ್ದಳು. ಅವಳ ಊರು ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತ್ತು. ಬದಲಿಗೆ ಸಿಕ್ಕ ಜಾಗದಲ್ಲಿ ಗಂಡ ಮಾಸ್ತಪ್ಪ ಇನ್ನೂ ಮಟ್ಟಿ ಕಡಿದು ಬೇರು ಕೀಳುತ್ತಿದ್ದ. ಭತ್ತ ಬೆಳೆಯುವವರೆಗೆ ಮನೆ ನಡೆಯಬೇಕಾದದ್ದು ಇವಳ ಸಂಬಳದಿಂದಲೇ.

ಕಾಗದ ಬಂದ ಮರುದಿನ ಮುಕುಂದಯ್ಯನವರು ನನ್ನನ್ನು ಕರೆದುಕೊಂಡು ತೀರ್ಥಹಳ್ಳಿಗೆ ಹೊರಟರು. ಕಾರ್ಖಾನೆಯಲ್ಲಿ ಇನ್ನೂ ಹನ್ನೊಂದು ಸ್ಟೆರಿಲೈಜರ್ ಸಿದ್ಧವಾಗಿ ನಿಂತಿದ್ದವು, ಎಲ್ಲವೂ ಆಸ್ಪತ್ರೆಗಳಿಗೇ. ಬಸ್ಸು ಹತ್ತುವ ಮೊದಲು ಅವರು ಎಲ್ಲರೂ ಕೇಳುವಂತೆ ಹೇಳಿದ ಮಾತು ದಾರಿಯುದ್ದಕ್ಕೂ ನನ್ನ ತಲೆಯಲ್ಲಿತ್ತು. ಯಾರ ಕೈಯಿಂದ ತಪ್ಪಾಯ್ತು ಅಂತ ಗೊತ್ತಾಗ್ಲಿ, ಅವರು ಅವತ್ತೇ ಮನೆಗೆ.

ನನ್ನ ಕೈಯಿಂದಲೇ ಆಗಿರಬಹುದು ಎಂದು ನಾನು ಅಂದುಕೊಂಡಿದ್ದೆ. ಜೇನಿನ ಬಣ್ಣದ ಹಾಳೆಯ ಜಾಗದಲ್ಲಿ ತಿಳಿಯಾದದ್ದಕ್ಕೆ ಸಹಿ ಹಾಕಿಬಿಟ್ಟೆನೇ? ಎಷ್ಟು ನೆನಪಿಸಿಕೊಂಡರೂ ಖಚಿತವಾಗಲಿಲ್ಲ.

ಪುಷ್ಪಮ್ಮ ನಮ್ಮನ್ನು ಬೈಯಲಿಲ್ಲ. ಎರಡು ದಿನ ಕೈ ಜೋಮು ಹಿಡಿದಿತ್ತು, ಈಗ ಸರಿಯಾಗಿದೆ ಎಂದರು. "ಇಷ್ಟು ವರ್ಷ ಬೇರೆಯವರು ಕೂಗೋದು ಕೇಳಿದ್ದೆ. ಮೊನ್ನೆ ನಾನು ಕೂಗಿದ್ದು ಮೂರು ವಾರ್ಡಿಗೂ ಕೇಳ್ತಂತೆ" ಎಂದು ನಕ್ಕರು. ನನಗೆ ನಗಲಾಗಲಿಲ್ಲ. ರಾತ್ರಿ ಅಲ್ಲೇ ನೆಂಟರ ಮನೆಯಲ್ಲಿ ಉಳಿದು, ಸುಟ್ಟ ಕಾಯಿಲನ್ನು ಬಿಚ್ಚಿಸಿಕೊಂಡು ಕಾಗದದಲ್ಲಿ ಸುತ್ತಿ ಬೆಳಗಿನ ಬಸ್ಸು ಹಿಡಿದೆವು.

ಹೊಸನಗರದಲ್ಲಿ ಬಸ್ಸು ನಿಂತಾಗ ಮುಕುಂದಯ್ಯನವರು ಕಾಫಿಗೆ ಇಳಿದರು. ನಾನು ಕಾಯಿಲಿನ ತಗಡನ್ನು ಬಿಡಿಸಿ ಒಳಗಿನ ಹಾಳೆ ತೆಗೆದೆ. ಜೇನಿನ ಬಣ್ಣದ್ದೇ. ಎಲ್ಲಿಯೂ ಬಿಳುಚಿರಲಿಲ್ಲ, ಉಬ್ಬಿರಲಿಲ್ಲ. ಆಯ್ಕೆ ತಪ್ಪಾಗಿರಲಿಲ್ಲ. ಉಸಿರು ಬಿಟ್ಟೆ. ಆಮೇಲೆ ಹಾಳೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದೆ.

ತಂತಿ ಇದ್ದ ಜಾಗದಿಂದ ತಗಡಿನ ಅಂಚು ಇದ್ದಲ್ಲಿಯವರೆಗೆ ಒಂದು ಹೆಬ್ಬೆಟ್ಟು ಕಪ್ಪಗೆ ಸುಟ್ಟುಕೊಂಡು ಅಚ್ಚಾಗಿತ್ತು. ಸುರುಳಿ ಸುರುಳಿ ಗೆರೆಗಳು ಸ್ಪಷ್ಟವಾಗಿದ್ದವು. ಅವುಗಳನ್ನು ಅಡ್ಡಕ್ಕೆ ಸೀಳಿಕೊಂಡು ನೇರವಾದ ಒಂದು ಗಾಯದ ಗೆರೆ.

ಆ ಗೆರೆ ಯಾರದೆಂದು ನನಗೆ ಗೊತ್ತಿತ್ತು. ಅಡಿಕೆ ಸುಲಿಯುವ ಕತ್ತಿ ತಾಗಿ ಆದ ಗಾಯ ಅದು. ಸುಗ್ಗಿಯಲ್ಲಿ ಗುತ್ಯಮ್ಮ ಸಂಜೆ ಹೊತ್ತು ಅಡಿಕೆ ಸುಲಿಯಲು ಹೋಗುತ್ತಿದ್ದಳು. ಸುಲಿಯುವವರು ಕೂರುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ, ಇಲ್ಲದಿದ್ದರೆ ಕಾಯಿಯ ಚೊಗರು ರಸ ಹತ್ತಿ ಬೆರಳು ಕಪ್ಪಾಗುತ್ತದೆ, ಚರ್ಮ ಒಡೆಯುತ್ತದೆ. ಕೈಕೆಲಸ ಎಂದರೆ ಮೊದಲು ಎಣ್ಣೆ, ಆಮೇಲೆ ಕತ್ತಿ. ಅದೇ ಅಭ್ಯಾಸದಲ್ಲಿ ನಮ್ಮಲ್ಲೂ ಸ್ಟೂಲಿನ ಕೆಳಗೆ ಒಂದು ಕರಟದಲ್ಲಿ ಎಣ್ಣೆ ಇಟ್ಟುಕೊಂಡಿದ್ದಳು. ನಾನು ದಿನವೂ ನೋಡುತ್ತಿದ್ದೆ. ಡಿಸೆಂಬರಿನ ಚಳಿಗೆ ಅವಳ ಬೆರಳು ಒಡೆದು ರಕ್ತ ಬಂದಾಗ, ಕರಟ ಒಣಗಿದ್ದು ಕಂಡು, ಮನೆಯಿಂದ ಒಂದು ಸೀಸೆ ಎಣ್ಣೆ ತಂದುಕೊಟ್ಟವಳೂ ನಾನೇ.

ಕಳಿಸುವ ಮೊದಲು ಮಾಡಿದ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳಲಿಲ್ಲ ಏಕೆ ಎಂಬುದೂ ಹೊಳೆಯಿತು. ಎಣ್ಣೆ ಹಸಿಯಾಗಿರುವಾಗ ಅದೂ ಕರೆಂಟನ್ನು ತಡೆಯುತ್ತದೆ. ದಿನದಿನವೂ ಕಾದು ಕಾದು ಕರಿಯಾದ ಮೇಲೆ ಅದೇ ಕರೆಂಟಿಗೆ ದಾರಿಯಾಗುತ್ತದೆ. ಕಾಲೇಜಿನಲ್ಲಿ ಕಲಿತಿದ್ದೆ. ಕರಟವನ್ನು ನೋಡುವಾಗ ನೆನಪಾಗಿರಲಿಲ್ಲ.

ಮುಕುಂದಯ್ಯನವರು ಹತ್ತಿ ಪಕ್ಕದಲ್ಲಿ ಕೂತರು. "ಏನಾದ್ರೂ ಕಾಣ್ತೇನಮ್ಮ?"

"ಇಲ್ಲಿ ಬೆಳಕು ಸಾಲದು. ಊರಲ್ಲಿ ನೋಡ್ತೀನಿ" ಎಂದೆ. ಹೊರಗೆ ಹತ್ತು ಗಂಟೆಯ ಬಿಸಿಲು ಸುರಿಯುತ್ತಿತ್ತು. ಅವರು ನನ್ನನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದರು.

ಬಟ್ಟೆಮಲ್ಲಪ್ಪ ದಾಟುವಾಗ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಪುಡಿ ಮಾಡಿಬಿಡಬಹುದು ಅನ್ನಿಸಿತು. ಅಭ್ರಕ ಸುಲಭವಾಗಿ ಉದುರುತ್ತದೆ. ಆದರೆ ಉಳಿದ ಹನ್ನೊಂದು ಪಾತ್ರೆಗಳ ಒಳಗೆ ಎಷ್ಟು ಹೆಬ್ಬೆಟ್ಟುಗಳಿವೆಯೋ. ಅವುಗಳ ಮೇಲೆ ಕೈ ಇಡುವ ನರ್ಸುಗಳೆಲ್ಲ ಪುಷ್ಪಮ್ಮನಂತೆ ಎದ್ದು ನಕ್ಕಾರೆಂದು ಹೇಳುವವರು ಯಾರು? ಸಾಗರ ಬರುವವರೆಗೆ ಮನಸ್ಸಿನಲ್ಲೇ ವಾಕ್ಯಗಳನ್ನು ಜೋಡಿಸಿದೆ. ಗುತ್ಯಮ್ಮನ ಹೆಸರು ಬಾರದಂತೆ, ಸುಳ್ಳೂ ಆಗದಂತೆ. ಅಂಥ ವಾಕ್ಯ ಆರು ಸಾಲಿನದಾಯಿತು.

ಕಾರ್ಖಾನೆಯಲ್ಲಿ ಎಲ್ಲರೂ ಮೇಜಿನ ಸುತ್ತ ಬಂದು ನಿಂತರು. ಹಾಳೆಯನ್ನು ಮೇಜಿನ ಮೇಲಿಟ್ಟೆ. ಮುಕುಂದಯ್ಯನವರು ಬಾಗಿ ಬಹಳ ಹೊತ್ತು ನೋಡಿದರು. "ಇದು ಯಾರ ಬೆರಳು?"

ನಾನು ಮೊದಲನೆಯ ಸಾಲನ್ನು ನೆನಪಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗುತ್ಯಮ್ಮ ಮುಂದೆ ಬಂದು, ಹಾಳೆಯ ಪಕ್ಕದಲ್ಲಿ ತನ್ನ ಹೆಬ್ಬೆಟ್ಟನ್ನು ಇಟ್ಟು ಎರಡನ್ನೂ ನೋಡಿದಳು.

"ನಂದೇ ಒಡೇರೆ" ಎಂದಳು. "ಕತ್ತಿ ತಾಗಿದ ಗೆರೆ ಇಲ್ಲೂ ಅದೆ, ಅಲ್ಲೂ ಅದೆ."

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಜೋಡಿಸಿದ ಆರು ಸಾಲೂ ಮರೆತುಹೋಗಿ, "ಎಣ್ಣೆ ತಂದುಕೊಟ್ಟಿದ್ದು ನಾನು" ಎಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಕರಟವನ್ನು ದಿನವೂ ನೋಡಿದ್ದು, ಬಸ್ಸಿನಲ್ಲಿ ಬೆಳಕು ಸಾಲದು ಎಂದದ್ದು ಸುಳ್ಳೆಂಬುದು, ಎಲ್ಲ.

"ಅದು ಗೊತ್ತಾಯ್ತು" ಎಂದರು ಮುಕುಂದಯ್ಯನವರು. ಅವರ ಸಿಟ್ಟು ಎತ್ತ ತಿರುಗುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಕೊನೆಗೆ ಅವರು ಕೇಳಿದ್ದು ಒಂದೇ. ಹಸಿ ಎಣ್ಣೆ ಪರೀಕ್ಷೆಯಲ್ಲಿ ಸಿಗದು, ಕಣ್ಣಿಗೂ ಕಾಣದು ಎಂದಾದರೆ ಯಾವ ಹಾಳೆಯನ್ನು ನಂಬುವುದು? ನಾಳೆ ಮಧ್ಯಾಹ್ನದೊಳಗೆ ದಾರಿ ತೋರಿಸದಿದ್ದರೆ ಇದ್ದ ಹಾಳೆಯನ್ನೆಲ್ಲ ಎಸೆದು, ಈ ಮೇಜನ್ನೇ ಮುಚ್ಚುವುದಾಗಿ ಹೇಳಿ ಹೋದರು. ಅಂದರೆ ಗುತ್ಯಮ್ಮ ಒಬ್ಬಳೇ ಅಲ್ಲ, ನಾವು ಐವರೂ ಮನೆಗೆ.

ಮರುದಿನ ಬೆಳಿಗ್ಗೆ ಮಂಜು ಇನ್ನೂ ಬೀದಿಯಲ್ಲಿತ್ತು. ನಾನು ಕಾಲೇಜಿನ ಪುಸ್ತಕದಲ್ಲಿ ದಾರಿ ಹುಡುಕುತ್ತ ಕೂತಿದ್ದೆ. ಗುತ್ಯಮ್ಮ ಅಂಟುವಾಳದ ನೊರೆಯಲ್ಲಿ ಕೈ ತೊಳೆದುಕೊಂಡು ಬಂದು, ಒಂದು ಹಾಳೆಯನ್ನು ಅಂಚಿನಲ್ಲಿ ಹಿಡಿದು ಬಾಯಿಯ ಹತ್ತಿರ ತಂದು ಹಾ ಎಂದು ಊದಿದಳು. ಹಾಳೆಯ ತುಂಬ ಹಬೆ ಕೂತಿತು. ನಡುವೆ ಒಂದು ಕಡೆ ಮಾತ್ರ ಹಬೆಯ ಬಣ್ಣವೇ ಬೇರೆ, ಬೆರಳಿನ ಆಕಾರದಲ್ಲಿ.

"ಕಂಡ್ರಾ ಅಮ್ಮ?" ಎಂದಳು. "ಲಾಟೀನಿನ ಗಾಜು ಒರೆಸುವಾಗ ಹಿಂಗೇ ಮಾಡ್ತಿದ್ವಿ. ಜಿಡ್ಡಿದ್ದ ಕಡೆ ಹಬೆ ಸರಿ ಕೂರದಿಲ್ಲ. ಊರಿಗೆ ಕರೆಂಟು ಬಂದ ಮೇಲೆ ಯಾರೂ ಒರೆಸದಿಲ್ಲ, ಅದಕ್ಕೇ ಮರೆತಿದ್ದೆ."

ಅವಳ ಊರಿಗೆ ಕರೆಂಟು ಬಂದಿರಲೇ ಇಲ್ಲ, ನೀರು ಬಂದಿತ್ತು. ಊರು ಎಂದು ಈಗ ಅವಳು ಸಾಗರವನ್ನು ಹೇಳುತ್ತಿದ್ದಾಳೆ ಎಂದು ತಿಳಿಯಲು ನನಗೊಂದು ಕ್ಷಣ ಬೇಕಾಯಿತು.

ಹನ್ನೊಂದು ಕಾಯಿಲುಗಳನ್ನೂ ಬಿಚ್ಚಿದೆವು. ಒಬ್ಬೊಬ್ಬರಾಗಿ ಊದಿ ನೋಡಿದೆವು. ಏಳರಲ್ಲಿ ಗುರುತು ಸಿಕ್ಕಿತು. ಎರಡರಲ್ಲಿ ಗುತ್ಯಮ್ಮನ ಗೆರೆ ಇತ್ತು. ಉಳಿದ ಐದರಲ್ಲಿ ಗೆರೆ ಇರಲಿಲ್ಲ. ಮುಕುಂದಯ್ಯನವರು ಬಂದು ಎಲ್ಲರಿಗೂ ಪಕ್ಕದಲ್ಲಿ ಹೆಬ್ಬೆಟ್ಟಿಡಲು ಹೇಳಿದರು. ಎರಡು ಉಳಿದ ಹೆಂಗಸರದು, ಅವರೂ ಅಡಿಕೆ ಸುಲಿಯಲು ಹೋಗುವವರೇ. ಮೂರು ನನ್ನವು.

ನಾನು ಎಂದೂ ಅಡಿಕೆ ಸುಲಿದವಳಲ್ಲ. ಕೈಗೆ ಎಣ್ಣೆ ಹಚ್ಚಿದವಳೂ ಅಲ್ಲ. ಅರ್ಥವಾಗದೆ ನಿಂತಿದ್ದಾಗ ಗುತ್ಯಮ್ಮ ನನ್ನ ಭುಜದ ಕಡೆ ಕಣ್ಣು ತೋರಿಸಿದಳು. ನನ್ನ ಬೆರಳುಗಳು ಆಗಲೂ ಜಡೆಯ ತುದಿಯನ್ನು ತಿರುವುತ್ತಿದ್ದವು. ಚಿಂತೆ ಹತ್ತಿದಾಗ ನಾನು ಮಾಡುವುದೇ ಅದು, ಹಾಳೆಗೆ ಸಹಿ ಹಾಕುವ ಮೊದಲು ಯಾವಾಗಲೂ.

"ತಲೆಗೆ ಹಚ್ಚಿದ್ದೂ ಎಣ್ಣೆನೇ ಅಲ್ದಾ ಅಮ್ಮ" ಎಂದಳು ಮೆಲ್ಲಗೆ.

ಶಂಭು ನಗು ತಡೆಯಲು ಮೋಟಾರಿನ ಹಿಂದೆ ಬಗ್ಗಿದ. ಮುಕುಂದಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. "ಮನೆಗೆ ಕಳಿಸೋದಾದ್ರೆ ಕೊನೆಗೆ ಮುಟ್ಟಿ ಸಹಿ ಹಾಕಿದೋರಿಂದ ಶುರು ಮಾಡ್ಬೇಕು. ಯಾರನ್ನೂ ಕಳಿಸಲ್ಲ, ಹೋಗಿ. ಆ ಏಳನ್ನ ಹೊಸದಾಗಿ ಮಾಡಿ" ಎಂದು ತಮ್ಮ ಕುರ್ಚಿಗೆ ಹೋದರು. ಅಂದು ಸಂಜೆ ಅವರು ಕೂಡ ಒಂದು ಹಾಳೆ ಎತ್ತಿಕೊಂಡು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಊದಿ ನೋಡಿದ್ದನ್ನು ನಾನು ಕಂಡೆ.

ರಟ್ಟಿನ ಮೇಲೆ ಒಂದು ಸಾಲು ಸೇರಿಸಬೇಕಾಗಿತ್ತು. ಕೈಗೆ ಎಣ್ಣೆ ಹಚ್ಚಬಾರದು ಎಂದು ಬರೆದೆ. ಗುತ್ಯಮ್ಮನ ಬೆರಳು ನೋಡಿದೆ. ಒಂದೇ ದಿನಕ್ಕೆ ತುದಿಗಳು ಬೆಳ್ಳಗೆ ಒಣಗಿ ಮತ್ತೆ ಒಡೆಯತೊಡಗಿದ್ದವು. ಬರೆದದ್ದನ್ನು ಹೊಡೆದುಹಾಕಿ, ಕೈ ತೊಳೆದು ಹಾಳೆ ಮುಟ್ಟಿ, ಎಣ್ಣೆಯನ್ನು ಕೆಲಸ ಬಿಟ್ಟು ಹೋಗುವಾಗ ಹಚ್ಚಿಕೊಳ್ಳಿ ಎಂದು ಬರೆದೆ. ಈ ಸಲ ಗೋಡೆಗೆ ಹೊಡೆಸುವ ಮೊದಲು ನಾಲ್ವರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳಿದೆ. ಕರಟವನ್ನು ಗುತ್ಯಮ್ಮನೇ ಎತ್ತಿಕೊಂಡು ಹೋಗಿ ಹೊರಗಿನ ನಲ್ಲಿಯ ಕಟ್ಟೆಯ ಮೇಲಿಟ್ಟಳು.

ಮರುದಿನದಿಂದ ನಾನು ಜಡೆಯನ್ನು ಸುತ್ತಿ ತುರುಬು ಕಟ್ಟಿಕೊಂಡು ಹೋಗತೊಡಗಿದೆ. ಸಹಿ ಹಾಕುವ ಮೊದಲು ಬೆರಳು ಅಭ್ಯಾಸದಂತೆ ಭುಜದ ಕಡೆಗೆ ಹೋಗುತ್ತಿತ್ತು. ಮೇಜಿನ ಆಚೆಯಿಂದ ಗುತ್ಯಮ್ಮ ತಲೆ ಎತ್ತದೆಯೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.